ವಿಆರ್‌ಎಸ್ ಮಾರಬೇಡಿ, ಆದರೆ ದಿನಾ ಆಫೀಸಿಗೂ ತಗೊಂಡು ಹೋಗಬೇಡಿ

ಪ್ರಶ್ನೆ: ನನ್ನ ಹತ್ತಿರ 2018ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 ಇದೆ. ಸ್ಟೇಜ್ 2 ಮಾಡಿಸಿದ್ದೇನೆ, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ (ಮ್ಯಾಪ್) ಜೊತೆ ಭಾಗಗಳನ್ನೂ ಬದಲಾಯಿಸಿದ್ದೇನೆ. ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪ್), ಗಾಳಿ ಎಳೆಯುವ ಇನ್‌ಟೇಕ್, ಕಾರನ್ನು ತಗ್ಗಿಸುವ ಕಾಯಿಲೋವರ್ ಸಸ್ಪೆನ್ಷನ್, 19 ಇಂಚಿನ ಅಲಾಯ್ ವೀಲ್ ಎಲ್ಲ ಇದೆ. ಇಷ್ಟು ದಿನ ಮನೆಯಿಂದಲೇ ಕೆಲಸ, ಕಾರು ಹೊರಗೆ ಬರುತ್ತಿದ್ದದ್ದು ಭಾನುವಾರ ಮಾತ್ರ. ಈಗ ವಾರಕ್ಕೆ 4 ದಿನ ಆಫೀಸಿಗೆ ಬನ್ನಿ ಅಂತಿದ್ದಾರೆ. ರಾಜಾಜಿನಗರದಿಂದ ಬೆಳ್ಳಂದೂರು, ಒಂದು ಕಡೆಗೆ 20 ಕಿ.ಮೀ.ಗೂ ಜಾಸ್ತಿ. ಇದನ್ನೇ ಓಡಿಸಲಾ? 8 ಲಕ್ಷದೊಳಗೆ ಇನ್ನೊಂದು ಕಾರು ತಗೊಳ್ಳಲಾ? ಇಲ್ಲಾ ಇದನ್ನು ಮಾರಿ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ 1.5 ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ತಗೊಂಡು, ಅದಕ್ಕೊಂದು ಸ್ಟೇಜ್ 1 (ಬರೀ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿ, ಎರಡೂ ಕೆಲಸಕ್ಕೆ ಅದನ್ನೇ ಇಟ್ಟುಕೊಳ್ಳಲಾ?

ಉತ್ತರ: ನಿಮ್ಮ ಮೂರನೇ ಆಯ್ಕೆಯಿಂದಲೇ ಶುರು ಮಾಡೋಣ. ಕೇಳಲು ಅದೇ ಎಲ್ಲಕ್ಕಿಂತ ಜಾಣತನದ್ದು ಅನ್ನಿಸುತ್ತದೆ. ಆದರೆ ಮೂರರಲ್ಲಿ ಕೆಟ್ಟದ್ದೂ ಅದೇ.

ವರ್ಟಸ್ ಒಳ್ಳೆಯ ಕಾರು, ಅದರಲ್ಲಿ ಎರಡು ಮಾತಿಲ್ಲ. 1.5 ಟಿಎಸ್‌ಐ ಎಂಜಿನ್ 150 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಅದಕ್ಕೆ ಜೋಡಿಸಿರುವ 7 ಸ್ಪೀಡ್ ಡಿಎಸ್‌ಜಿ ಗೇರ್‌ಬಾಕ್ಸಿನ ಹೆಸರು ಡಿಕ್ಯೂ200. ಅದು ತಡೆಯುವ ಟಾರ್ಕ್ ಎಷ್ಟು ಗೊತ್ತಾ? ಅದೇ 250 ಎನ್‌ಎಂ. ಅಂದರೆ ಕಂಪನಿಯಿಂದ ಬರುವಾಗಲೇ ಅದು ತನ್ನ ಮಿತಿಯ ಅಂಚಿನಲ್ಲಿ ಇರುತ್ತದೆ. ಅದರ ಮೇಲೆ ನೀವು ಸ್ಟೇಜ್ 1 ಹಾಕಿಸಿ 300 ಎನ್‌ಎಂ ಮಾಡಿದರೆ ಆ ಎಕ್ಸ್‌ಟ್ರಾ ಐವತ್ತನ್ನು ಹೊರುವುದು ಕ್ಲಚ್. ಜೊತೆಗೆ ಇದು ಡ್ರೈ ಕ್ಲಚ್, ತಂಪು ಮಾಡಲು ಸುತ್ತ ಎಣ್ಣೆ ಇರುವುದಿಲ್ಲ. ಟ್ರಾಫಿಕ್ಕಲ್ಲಿ ಒಂದೊಂದು ಅಡಿ ಮುಂದೆ ತೆವಳುವಾಗ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ, ಉಜ್ಜುತ್ತಲೇ ಇರುತ್ತದೆ, ಉಜ್ಜಿದಷ್ಟೂ ಬಿಸಿ. 2013ರಲ್ಲಿ ಫೋಕ್ಸ್‌ವ್ಯಾಗನ್ ಚೀನಾದಲ್ಲಿ ಡಿಎಸ್‌ಜಿ ತೊಂದರೆಗಾಗಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಅದೇ ವರ್ಷ ಬೇರೆ ದೇಶಗಳಲ್ಲೂ ಈ 7 ಸ್ಪೀಡ್ ಗೇರ್‌ಬಾಕ್ಸಿನ ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ಹಾಕಿಕೊಟ್ಟರು. ಸೆಕೆ, ತೇವ, ನಿಂತು ನಿಂತು ಹೋಗುವ ಟ್ರಾಫಿಕ್, ಈ ಮೂರೂ ಸೇರಿದ ಕಡೆ ತೊಂದರೆ ಜಾಸ್ತಿ. ನಿಮ್ಮ ರೂಟಿನ ಜಾತಕ ಓದಿದ ಹಾಗಿದೆ, ಅಲ್ವಾ? ಎಲ್ಲ ಡಿಕ್ಯೂ200 ಕೈ ಕೊಡುತ್ತದೆ ಅಂತ ನಾನು ಹೇಳುತ್ತಿಲ್ಲ. ಸ್ಟಾಕ್, ಅಂದರೆ ಏನೂ ಬದಲಾಯಿಸದ ಕಾರನ್ನು ನೋಡಿಕೊಂಡು ಓಡಿಸಿದರೆ ಬಾಳುತ್ತದೆ. ಆದರೆ ದಿನಾ ಔಟರ್ ರಿಂಗ್ ರೋಡ್, ಮೇಲೆ ಸ್ಟೇಜ್ 1, ಈ ಎರಡನ್ನೂ ಒಟ್ಟಿಗೆ ಅದರ ತಲೆ ಮೇಲೆ ಹಾಕಬೇಡಿ.

ತಮಾಷೆ ಅಂದರೆ ನಿಮ್ಮ ಹಳೇ ವಿಆರ್‌ಎಸ್‌ನ ಗೇರ್‌ಬಾಕ್ಸೇ ಟ್ರಾಫಿಕ್ಕಿಗೆ ಇದಕ್ಕಿಂತ ಗಟ್ಟಿ. ಅದರಲ್ಲಿರುವುದು 6 ಸ್ಪೀಡ್ ಡಿಕ್ಯೂ250, ವೆಟ್ ಕ್ಲಚ್. ಎಣ್ಣೆಯಲ್ಲೇ ಮುಳುಗಿರುತ್ತದೆ, ಹಾಗಾಗಿ ಬಿಸಿ ಬೇಗ ಹರಿದುಹೋಗುತ್ತದೆ. ಬದಲಿಗೆ ಅದು ನಿಮ್ಮಿಂದ ಕೇಳುವುದು 60,000 ಕಿ.ಮೀ.ಗೊಮ್ಮೆ ಎಣ್ಣೆ ಮತ್ತು ಫಿಲ್ಟರ್. ಸ್ಟೇಜ್ 2 ಕಾರಿಗೆ, ಅದೂ ಊರೊಳಗೆ ಓಡುವುದಾದರೆ, ನಾನು 40,000ಕ್ಕೇ ಮಾಡಿಸಿ ಅಂತೀನಿ. ಇನ್ನೊಂದು, ಎಂಜಿನ್ ಮ್ಯಾಪ್ ಮಾಡಿದವರು ಗೇರ್‌ಬಾಕ್ಸ್ ಮ್ಯಾಪ್ ಕೂಡ ಮಾಡಿದ್ದಾರಾ ಕೇಳಿ. ಅದನ್ನು ಬಿಟ್ಟಿದ್ದರೆ ಕ್ಲಚ್ ಪ್ಲೇಟುಗಳ ಮೇಲಿನ ಒತ್ತಡ ಹಳೇ 350 ಎನ್‌ಎಂ ಲೆಕ್ಕದಲ್ಲೇ ಇರುತ್ತದೆ, ಎಂಜಿನ್ ಮಾತ್ರ 420, 430 ತಳ್ಳುತ್ತಿರುತ್ತದೆ.

ಮಾರಬೇಡಿ ಅನ್ನುವುದಕ್ಕೆ ದುಡ್ಡಿನ ಕಾರಣವೂ ಇದೆ. 2017ರಲ್ಲಿ ಈ ಕಾರು ಬಂದಾಗ ಎಕ್ಸ್ ಶೋರೂಂ ಬೆಲೆ 24.62 ಲಕ್ಷ. 2020ರಲ್ಲಿ ಬಂದ ವಿಆರ್‌ಎಸ್ 245 ಬೆಲೆ 35.99 ಲಕ್ಷ, ತಂದದ್ದು ಬರೀ 200 ಕಾರು. 2025ರ ಅಕ್ಟೋಬರಿನಲ್ಲಿ ಬಂದ ಆಕ್ಟೇವಿಯಾ ಆರ್‌ಎಸ್ 49.99 ಲಕ್ಷ, ಅದೂ 100 ಕಾರು ಅಷ್ಟೇ. ಇವತ್ತು ಮಾರಿದರೆ ನಾಳೆ ಇದೇ ಥರದ್ದು ಬೇಕು ಅಂದಾಗ ಈ ಬೆಲೆಗೆ ಹತ್ತಿರ ಹತ್ತಿರವೂ ಸಿಗುವುದಿಲ್ಲ. ಮಾಡಿಫೈ ಆದ ಕಾರಿಗೆ ಕೊಳ್ಳುವವರು ನಿಮ್ಮ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಕಾಯಿಲೋವರಿಗೆ ಎಷ್ಟು ಕೊಟ್ಟಿರಿ ಅಂತ ಯಾರೂ ಕೇಳಲ್ಲ, ಎಷ್ಟು ಚಚ್ಚಿದ್ದೀರಿ ಅಂತ ಕೇಳುತ್ತಾರೆ.

ಸರಿ, ಹಾಗಾದರೆ ದಿನಾ ಇದನ್ನೇ ಓಡಿಸಿದರೆ ಏನಾಗುತ್ತದೆ?

ಟಾಮ್‌ಟಾಮ್ ಕಂಪನಿ 2022ರ ಟ್ರಾಫಿಕ್ ಲೆಕ್ಕ ಕೊಟ್ಟಾಗ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ ಬೇಕಿತ್ತು. ಜಗತ್ತಿನಲ್ಲಿ ನಮಗಿಂತ ನಿಧಾನ ಇದ್ದದ್ದು ಲಂಡನ್ ಒಂದೇ. ಅಂದರೆ ಗಂಟೆಗೆ 20 ಕಿ.ಮೀ. ಚಿಲ್ಲರೆ. ಆ ವೇಗಕ್ಕೆ ಒಂದು ಕಾರಿಗೆ ಹತ್ತು ಕುದುರೆಯೂ ಬೇಕಾಗಲ್ಲ. ನಿಮ್ಮ ಹತ್ತಿರ 300ರ ಹತ್ತಿರ ಇರಬೇಕು, ಮಿಕ್ಕ 290 ಬಾನೆಟ್ ಒಳಗೆ ಕೂತು ಬೇಯುತ್ತಿರುತ್ತವೆ. ಬೇಯುತ್ತವೆ ಅಂದದ್ದು ಸುಮ್ನೆ ಮಾತಿಗಲ್ಲ. ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೆಲಸ ಮಾಡುವುದು ಮುಂದಿನಿಂದ ಗಾಳಿ ಬಡಿದಾಗ. ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರ ನಿಂತ ಕಾರಿಗೆ ಗಾಳಿ ಎಲ್ಲಿಂದ ಬರಬೇಕು? ಎಂಜಿನ್ ಒಳಗೆ ಹೋಗುವ ಗಾಳಿ ಬಿಸಿಯಾಗುತ್ತದೆ, ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದು) ಆಗದಿರಲಿ ಅಂತ ಎಂಜಿನ್ನಿನ ಕಂಪ್ಯೂಟರ್ ಇಸಿಯು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಒಂದು ಗಂಟೆ ಟ್ರಾಫಿಕ್ಕಲ್ಲಿ ಇದ್ದು ಆಮೇಲೆ ಖಾಲಿ ರೋಡು ಸಿಕ್ಕಿ ಒತ್ತಿದರೆ ಕಾರು ಸ್ಟಾಕ್ ಕಾರಿಗಿಂತ ಸೋಂಬೇರಿ ಅನ್ನಿಸುತ್ತದೆ. ತೆರೆದ ಇನ್‌ಟೇಕ್ ಫಿಲ್ಟರ್ ಇದ್ದರೆ ಇನ್ನೂ ಜಾಸ್ತಿ, ಏಕೆಂದರೆ ಅದು ಉಸಿರಾಡುವುದೇ ಬಾನೆಟ್ ಒಳಗಿನ ಬಿಸಿ ಗಾಳಿಯನ್ನು. ಈ ಎಂಜಿನ್ನಿನಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಇರುವ ಪ್ಲಾಸ್ಟಿಕ್ ಹೌಸಿಂಗ್ ಸೋರುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ದಿನಾ ಬಿಸಿ ತಿಂದರೆ ಅದು ಇನ್ನೂ ಬೇಗ ಬರುತ್ತದೆ. ಕೂಲೆಂಟ್ ಮಟ್ಟ ಕಮ್ಮಿ ಆಗುತ್ತಿದ್ದರೆ ನೀರು ಸುರಿದು ಸುಮ್ಮನಿರಬೇಡಿ.

ಪೆಟ್ರೋಲ್ ವಿಷಯ. ನಿಮ್ಮ ಮ್ಯಾಪ್ ಯಾವ ಆಕ್ಟೇನಿಗೆ (ಪೆಟ್ರೋಲ್ ನಾಕಿಂಗ್ ತಡೆಯುವ ಅಳತೆ) ಬರೆದದ್ದು? 100 ಆಕ್ಟೇನಿಗೆ ಬರೆದಿದ್ದರೆ ವಾರಕ್ಕೆ ನಾಲ್ಕು ದಿನ ಅದನ್ನೇ ಹಾಕಿಸಬೇಕು. ಮಾಮೂಲಿ ಪೆಟ್ರೋಲಿಗಿಂತ ಅದು ಲೀಟರಿಗೆ 50 ರೂಪಾಯಿಗೂ ಜಾಸ್ತಿ, ಎಲ್ಲ ಬಂಕಲ್ಲಿ ಸಿಗುವುದೂ ಇಲ್ಲ. ಈಗ ಮಾಮೂಲಿ ಬಂಕಲ್ಲಿ ಬರುವುದು ಇ20, ಅಂದರೆ 20% ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್‌ನ ಆಕ್ಟೇನ್ ಜಾಸ್ತಿಯೇ, 108ರ ಆಸುಪಾಸು, ನಾಕಿಂಗ್ ದೃಷ್ಟಿಯಿಂದ ಕೆಟ್ಟದ್ದಲ್ಲ. ಆದರೆ ಅದರಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ, ಅಷ್ಟೇ ಕೆಲಸಕ್ಕೆ ಜಾಸ್ತಿ ಸುರಿಯಬೇಕು. 2018ರಲ್ಲಿ ಈ ಕಾರಿನ ಪೈಪು, ಸೀಲು ಮಾಡಿದವರು ಇ20 ಮನಸ್ಸಲ್ಲಿಟ್ಟು ಮಾಡಿರಲಿಲ್ಲ. ದಿನಾ ಓಡಿಸುವುದಾದರೆ ಟ್ಯೂನರ್ ಹತ್ತಿರ ಹೋಗಿ ಕಡಿಮೆ ಆಕ್ಟೇನಿನ ಸ್ಟೇಜ್ 1 ಮ್ಯಾಪ್ ಹಾಕಿಸಿ. ಅರ್ಧ ದಿನದ ಕೆಲಸ.

ಇಷ್ಟಾದರೂ, ನಿಮ್ಮನ್ನು ದಿನಾ ಕಾಡುವುದು ಎಂಜಿನ್ ಅಲ್ಲ. ಎಂಜಿನ್ ಮ್ಯಾಪ್ ಒಂದೇ ಆಗಿದ್ದಿದ್ದರೆ ಓಡಿಸಿ ಹೋಗಿ ಅಂತ ಎರಡು ಸಾಲಲ್ಲಿ ಮುಗಿಸುತ್ತಿದ್ದೆ. ಕಾಲು ನಿಧಾನಕ್ಕೆ ಇಟ್ಟರೆ ಮ್ಯಾಪ್ ಆದ ಕಾರೂ ಸ್ಟಾಕ್ ಕಾರಿನ ಹಾಗೇ ಹೋಗುತ್ತದೆ. ಕಾಯಿಲೋವರ್ ಮತ್ತು 19 ಇಂಚಿನ ವೀಲ್ ಹಾಗಲ್ಲ, ಅವು ನೀವು 10ರಲ್ಲಿ ಹೋದರೂ ಅಲ್ಲೇ ಇರುತ್ತವೆ.

ಲೆಕ್ಕ ನೋಡಿ. ಕಂಪನಿ ಕೊಟ್ಟದ್ದು 225/45 ಆರ್17. ಟೈರಿನ ಸೈಡ್‌ವಾಲ್ ಎತ್ತರ 101 ಮಿ.ಮೀ. ನೀವು 19 ಇಂಚಿಗೆ 225/35 ಹಾಕಿದ್ದೀರಿ ಅಂತ ಇಟ್ಟುಕೊಂಡರೆ ಅದು 79 ಮಿ.ಮೀ. ಗುಂಡಿಗೂ ಅಲಾಯ್‌ಗೂ ನಡುವೆ ಇದ್ದ ರಬ್ಬರು ಮತ್ತು ಗಾಳಿಯಲ್ಲಿ ಎರಡು ಸೆಂಟಿಮೀಟರ್ ಹೋಯಿತು. ಭಾನುವಾರ ಬೆಳಿಗ್ಗೆ ರೋಡು ಖಾಲಿ, ಗುಂಡಿ ದೂರದಿಂದಲೇ ಕಾಣುತ್ತದೆ, ತಪ್ಪಿಸುತ್ತೀರಿ. ಸೋಮವಾರ ಮುಂದೆ ಬಸ್ಸು, ಪಕ್ಕದಲ್ಲಿ ಬೈಕು, ಮೇಲೆ ಮಳೆ ನೀರು ನಿಂತಿದೆ, ಗುಂಡಿ ಗೊತ್ತಾಗುವುದೇ ಸದ್ದಾದ ಮೇಲೆ. ನಮ್ಮ ಗ್ಯಾರೇಜಿಗೆ ಬರುವ ಇಂಥ ಕಾರುಗಳಲ್ಲಿ ಗೇರ್‌ಬಾಕ್ಸ್ ಹೋದದ್ದಕ್ಕಿಂತ ವೀಲ್ ಬಾಗಿದ್ದು, ಟೈರ್ ಸೈಡಲ್ಲಿ ಊದಿದ್ದು ಎಷ್ಟೋ ಜಾಸ್ತಿ. ಊದಿದ ಟೈರನ್ನು ಇನ್ನೊಂದು ತಿಂಗಳು ನೋಡೋಣ ಅಂತ ಓಡಿಸುವವರೂ ಇದ್ದಾರೆ. ದಯವಿಟ್ಟು ಬೇಡ.

ಆಮೇಲೆ ಹಂಪುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಹಂಪಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಅಷ್ಟು ಅಗಲಕ್ಕೆ ನಿಧಾನಕ್ಕೆ ಏರಿ ಇಳಿದರೆ ತಗ್ಗಿಸಿದ ಕಾರೂ ದಾಟುತ್ತದೆ. ನಮ್ಮ ಏರಿಯಾಗಳಲ್ಲಿ ಇರುವುದು ರಾತ್ರೋರಾತ್ರಿ ಯಾರೋ ಡಾಂಬರು ಸುರಿದು ಮಾಡಿದ ದಿಂಡು. ಒಂದೂವರೆ ಅಡಿ ಅಗಲ, ಎತ್ತರ ದೇವರಿಗೇ ಗೊತ್ತು. ತಗ್ಗಿಸಿದ ವಿಆರ್‌ಎಸ್ ಅದನ್ನು ಅಡ್ಡಡ್ಡ ದಾಟಬೇಕು, ಒಂದೊಂದೇ ಚಕ್ರ ಹತ್ತಿಸಿ, ಹಿಂದಿನವರ ಹಾರ್ನ್ ಕೇಳಿಕೊಂಡು. ದಿನಕ್ಕೆ ಎರಡು ಸಲ. ನಿಮಗೆ ಕಾರಿನ ಮೇಲೆ ಇರುವ ಪ್ರೀತಿ ಹೋಗುವುದು ಇಲ್ಲಿ.

ಕಾನೂನನ್ನೂ ಹೇಳಿಬಿಡುತ್ತೇನೆ, ನೀವು ಕೇಳಿಲ್ಲ, ಆದರೂ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಕಾರನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂ. ದಂಡ ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಹೊಗೆ ಮತ್ತು ಸದ್ದಿಗೆ ಬೇರೆ ಸೆಕ್ಷನ್, ಅದರಲ್ಲಿ 10,000 ರೂ.ವರೆಗೆ ದಂಡ. ನಿಮ್ಮ ಡೌನ್‌ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಇಲ್ಲದಿದ್ದರೆ ಎರಡರಲ್ಲೂ ಸಿಕ್ಕಿಬೀಳುತ್ತೀರಿ. ಭಾನುವಾರ ಬೆಳಿಗ್ಗೆ 5 ಗಂಟೆಗೆ ಯಾರೂ ನಿಲ್ಲಿಸದ ಕಾರನ್ನು ಸೋಮವಾರ 9 ಗಂಟೆಗೆ ಸಿಗ್ನಲ್ ಸಿಗ್ನಲ್ಲಿಗೂ ಪೊಲೀಸರ ಮುಂದೆ ನಿಲ್ಲಿಸಿಕೊಂಡು ಹೋಗುವುದು ಬೇರೆಯೇ ವಿಷಯ. ಇನ್ಶೂರೆನ್ಸ್ ಕೂಡ ಹಾಗೇ. ತಿಳಿಸದೇ ಮಾಡಿದ ಬದಲಾವಣೆ ಸರ್ವೇಯರ್ ಕಣ್ಣಿಗೆ ಬಿದ್ದರೆ ಓನ್ ಡ್ಯಾಮೇಜ್ ಕ್ಲೇಮ್ ನಿಂತುಹೋಗಬಹುದು. ದಿನಾ ಟ್ರಾಫಿಕ್ಕಲ್ಲಿ ಓಡುವ ಕಾರಿಗೆ ಸಣ್ಣಪುಟ್ಟ ಕ್ಲೇಮ್ ಬಂದೇ ಬರುತ್ತದೆ.

ಹಾಗಾಗಿ ನನ್ನ ಮಾತು ಎರಡನೇ ಆಯ್ಕೆಗೆ. ಇನ್ನೊಂದು ಕಾರು ತಗೊಳ್ಳಿ. ಆದರೆ ಪೆಟ್ರೋಲ್ ಉಳಿಯುತ್ತದೆ ಅಂತ ನಿಮಗೆ ನೀವೇ ಸುಳ್ಳು ಹೇಳಿಕೊಂಡು ತಗೊಳ್ಳಬೇಡಿ. ತಿಂಗಳಿಗೆ ಸುಮಾರು 700 ಕಿ.ಮೀ. ಆಗುತ್ತದೆ. ವಿಆರ್‌ಎಸ್ ಈ ಟ್ರಾಫಿಕ್ಕಲ್ಲಿ ಲೀಟರಿಗೆ 7 ಕೊಟ್ಟರೆ 100 ಲೀಟರ್, ಲೀಟರಿಗೆ 100 ರೂಪಾಯಿ ಅಂದುಕೊಂಡರೆ 10,000. ಒಂದು ಸಿವಿಟಿ (ಗೇರಿನ ಹಂತಗಳಿಲ್ಲದ ಆಟೋಮ್ಯಾಟಿಕ್) ಕಾರು 11 ಕೊಟ್ಟರೆ 6,400. ಉಳಿದದ್ದು 3,600. ಅದು ಎರಡನೇ ಕಾರಿನ ಇನ್ಶೂರೆನ್ಸ್, ಸರ್ವಿಸ್, ಬೆಲೆ ಇಳಿಯುವುದು ಇಷ್ಟಕ್ಕೇ ಸಾಲದು. ನೀವು ದುಡ್ಡು ಕೊಡುತ್ತಿರುವುದು ಸೊಂಟಕ್ಕೆ, ತಲೆನೋವು ಇಲ್ಲದ್ದಕ್ಕೆ, ಮತ್ತು ವಿಆರ್‌ಎಸ್ ಇನ್ನೂ ಹತ್ತು ವರ್ಷ ಚೆನ್ನಾಗಿರುವುದಕ್ಕೆ. ಅದಕ್ಕೆ ಕೊಡಬಹುದು ಅಂತ ನನ್ನ ಅಭಿಪ್ರಾಯ.

ಲೆಕ್ಕ ಬದಲಾಗುವುದು ಎಲೆಕ್ಟ್ರಿಕ್ ಆದರೆ. ಮನೆಯಲ್ಲಿ ನಿಮ್ಮದೇ ಪಾರ್ಕಿಂಗ್, ಅಲ್ಲಿ ಅರ್ಥಿಂಗ್ ಸರಿ ಇರುವ 15 ಆಂಪಿಯರ್ ಪಾಯಿಂಟ್ ಇದ್ದರೆ ಬೇರೆ ಯೋಚನೆಯೇ ಬೇಡ, ಒಂದು ಸೆಕೆಂಡ್ ಹ್ಯಾಂಡ್ ಟಿಯಾಗೊ ಇವಿ ನೋಡಿ, 24 ಕಿಲೋವ್ಯಾಟ್ ಅವರ್ ಬ್ಯಾಟರಿಯದ್ದು. ಕಾಗದದ ಮೇಲೆ 315 ಕಿ.ಮೀ., ಊರೊಳಗೆ 180 ಬಂದರೂ ನಿಮ್ಮ ನಾಲ್ಕು ದಿನದ ಓಡಾಟಕ್ಕೆ ಒಂದೇ ಒಂದು ಚಾರ್ಜು ಸಾಕಾಗಬಹುದು. 700 ಕಿ.ಮೀ.ಗೆ ನೂರು ಯೂನಿಟ್ ಅಂದುಕೊಳ್ಳಿ, ಕರೆಂಟ್ ಬಿಲ್ಲು ಸಾವಿರ ರೂಪಾಯಿ ದಾಟಲ್ಲ. ಮುಖ್ಯವಾಗಿ, ಅದರಲ್ಲಿ ಕ್ಲಚ್ಚೇ ಇಲ್ಲ, ಉಜ್ಜುವುದಕ್ಕೆ ಏನೂ ಇಲ್ಲ. ತೆವಳುವ ಟ್ರಾಫಿಕ್ಕೇ ಅದಕ್ಕೆ ಇಷ್ಟ, ಬ್ರೇಕ್ ಹಿಡಿದಾಗೆಲ್ಲ ಒಂಚೂರು ವಾಪಸ್ ತುಂಬಿಕೊಳ್ಳುತ್ತದೆ. 300 ಕುದುರೆಯ ಕಾರು ಇಟ್ಟುಕೊಂಡವರು ಟಿಯಾಗೊ ಇವಿಯಲ್ಲಿ ಆಫೀಸಿಗೆ ಬಂದರೆ ಗೆಳೆಯರು ನಗುತ್ತಾರೆ, ನಗಲಿ. ಕಂಪನಿ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಟ್ಟಿತ್ತು. ನೀವು ಎರಡನೇ ಓನರ್, ಅದು ನಿಮಗೆ ಹೇಗೆ ಅನ್ವಯಿಸುತ್ತದೆ ಅಂತ ಶೋರೂಮಿನಿಂದ ಬರಹದಲ್ಲಿ ತಗೊಳ್ಳಿ, ಬ್ಯಾಟರಿ ಆರೋಗ್ಯದ ರಿಪೋರ್ಟ್ ಕೇಳಿ ಪಡೆಯಿರಿ.

ಪಾಯಿಂಟ್ ಇಲ್ಲ, ಅಪಾರ್ಟ್‌ಮೆಂಟಿನವರು ಬಿಡಲ್ಲ ಅಂದರೆ ಸಿವಿಟಿ. ಟೊಯೋಟ ಯಾರಿಸ್ ಇಲ್ಲಿ 2018ರಿಂದ 2021ರವರೆಗೆ ಮಾತ್ರ ಮಾರಾಟವಾಯಿತು, ಯಾರೂ ಮೂಸಿ ನೋಡಲಿಲ್ಲ. ಆದರೆ ಬಿಡುಗಡೆಯಾದಾಗ ಎಲ್ಲ ವೇರಿಯಂಟಲ್ಲೂ 7 ಏರ್‌ಬ್ಯಾಗ್ ಇತ್ತು, ಗೇರ್‌ಬಾಕ್ಸ್ ಸದ್ದಿಲ್ಲದೆ ಕೆಲಸ ಮಾಡುತ್ತದೆ. ನಾಲ್ಕನೇ ತಲೆಮಾರಿನ ಹೋಂಡಾ ಸಿಟಿ ಸಿವಿಟಿ ಇನ್ನೊಂದು. ಚಿಕ್ಕದು ಬೇಕಾದರೆ 2022ಕ್ಕಿಂತ ಮುಂಚಿನ ಬಲೆನೊ ಅಥವಾ ಗ್ಲಾನ್ಜಾ, ಅವುಗಳಲ್ಲಿ ಸಿವಿಟಿ ಬರುತ್ತಿತ್ತು, ಆಮೇಲೆ ಎಎಂಟಿ ಮಾಡಿಬಿಟ್ಟರು. ಸಿವಿಟಿಯಲ್ಲಿ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಆಮೇಲೆ ಹೋಗುತ್ತದೆ, ವಿಆರ್‌ಎಸ್ ಓಡಿಸಿದವರಿಗೆ ಮೊದಲ ವಾರ ಸಿಟ್ಟು ಬರುತ್ತದೆ. ಆದರೆ ನಿಮಗೆ ಅದನ್ನು ಒತ್ತುವ ಜಾಗವೇ ಸಿಗಲ್ಲ. ಎಎಂಟಿ ಬೇಡ. ಅದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸಿಗೆ ಕ್ಲಚ್ ಒತ್ತುವ ಯಂತ್ರ ಇಟ್ಟ ಹಾಗೆ, ಪ್ರತಿ ಗೇರಿಗೂ ತಲೆ ಆಡಿಸುತ್ತದೆ. ಬಜೆಟ್ ಸ್ವಲ್ಪ ಹಿಗ್ಗಿ, ವರ್ಟಸ್ ಮೇಲೆ ಮನಸ್ಸು ಇನ್ನೂ ಇದ್ದರೆ, 1.0 ಎಂಜಿನ್ನಿನ 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ನೋಡಿ. 115 ಪಿಎಸ್ ಸಾಕು. ಅದಕ್ಕೆ ಮ್ಯಾಪ್ ಗೀಪ್ ಏನೂ ಬೇಡ.

ಮನೆಯಲ್ಲಿ ಒಂದೇ ಕಾರಿಗೆ ಜಾಗ ಇದ್ದರೆ? ಬೆಂಗಳೂರಲ್ಲಿ ಅದೇ ದೊಡ್ಡ ಪ್ರಶ್ನೆ, ನೀವು ಬರೆದಿಲ್ಲ. ಆಗ ವಿಆರ್‌ಎಸ್ ಅನ್ನೇ ಓಡಿಸಿ, ಆದರೆ ಮೊದಲು 17 ಇಂಚಿನ ವೀಲು, ಆಮೇಲೆ ಸ್ಟಾಕ್ ಸ್ಪ್ರಿಂಗ್ ಡ್ಯಾಂಪರ್, ಆಮೇಲೆ ಕ್ಯಾಟ್ ಇರುವ ಕಂಪನಿ ಡೌನ್‌ಪೈಪ್, ಕೊನೆಗೆ ಮ್ಯಾಪ್, ಈ ಕ್ರಮದಲ್ಲಿ ವಾಪಸ್ ತನ್ನಿ. ಜನ ಉಲ್ಟಾ ಮಾಡುತ್ತಾರೆ, ಮ್ಯಾಪ್ ತೆಗೆಸಿ ವೀಲ್ ಹಾಗೇ ಬಿಡುತ್ತಾರೆ, ಏಕೆಂದರೆ ವೀಲ್ ಎಲ್ಲರಿಗೂ ಕಾಣುತ್ತದೆ. ಓಡಿಸುವಾಗ ಮುಂದಿನ ಕಾರಿಗೆ ಅಂಟಿಕೊಳ್ಳಬೇಡಿ. ಎರಡು ಕಾರಿನಷ್ಟು ಜಾಗ ಆಗುವವರೆಗೆ ಬ್ರೇಕ್ ಗಟ್ಟಿಯಾಗಿ ಹಿಡಿದು ನಿಂತಿರಿ, ಆಗ ಕ್ಲಚ್ ಪೂರ್ತಿ ಬಿಟ್ಟಿರುತ್ತದೆ, ಆಮೇಲೆ ಒಂದೇ ಸಲ ಹೋಗಿ. ಆ ಜಾಗಕ್ಕೆ ಆಟೋ ನುಗ್ಗುತ್ತದೆ. ನುಗ್ಗಲಿ ಬಿಡಿ.

ಎರಡು ಕಾರು ಆದರೆ ವಿಆರ್‌ಎಸ್ ನಿಂತೇ ಇರುತ್ತದೆ, ಅದಕ್ಕೂ ಸ್ವಲ್ಪ ಗಮನ ಬೇಕು. ವಾರಕ್ಕೊಮ್ಮೆ ಅರ್ಧ ಗಂಟೆಗೂ ಹೆಚ್ಚು ಓಡಿಸಿ, ಎಣ್ಣೆ ಪೂರ್ತಿ ಬಿಸಿ ಆಗಲಿ. ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಇಲಿ ನೋಡಿಕೊಳ್ಳಿ, ಬೇಸ್‌ಮೆಂಟಲ್ಲಿ ನಿಂತ ಕಾರಿನ ವೈರಿಂಗ್ ಅವಕ್ಕೆ ಬಹಳ ಇಷ್ಟ. ಓಡಿಸಲು ಜಾಗ ಅಂದರೆ ಮೈಸೂರು ಎಕ್ಸ್‌ಪ್ರೆಸ್‌ವೇ ನೆನಪಾಗುತ್ತದೆ, ಆದರೆ ಅಲ್ಲಿ ಮಿತಿ 100, ಕ್ಯಾಮೆರಾ ಉದ್ದಕ್ಕೂ ಇದೆ, 2024ರ ಆಗಸ್ಟಿನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್. ಕಾರಿನ ಕೈ ನಿಜವಾಗಿ ನೋಡಬೇಕು ಅಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ಟ್ರ್ಯಾಕ್ ಡೇ ಸಿಕ್ಕಾಗ ಹೋಗಿ. 2.1 ಕಿ.ಮೀ. ಟ್ರ್ಯಾಕು, ನೇರ ದಾರಿ ಕಮ್ಮಿ, ತಿರುವು ಜಾಸ್ತಿ. ನಿಮ್ಮ ಕಾಯಿಲೋವರಿಗೆ ಅಲ್ಲಿ ಕೆಲಸ ಇದೆ.

ಈ ವಾರ ಮಾಡಬೇಕಾದದ್ದು ಒಂದೇ. ಮಾಡಿಫೈ ಮಾಡಿಸುವಾಗ ಬಿಚ್ಚಿದ ಕಂಪನಿ ಭಾಗಗಳು, 17 ಇಂಚಿನ ನಾಲ್ಕು ವೀಲು, ಸ್ಪ್ರಿಂಗ್, ಡ್ಯಾಂಪರ್, ಡೌನ್‌ಪೈಪ್, ಎಲ್ಲಿವೆ ಅಂತ ಹುಡುಕಿ. ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದರೆ ಇವತ್ತೇ ಫೋನ್ ಮಾಡಿ. ಈ ಕಾರು ನಮ್ಮಲ್ಲಿ ಬಹಳ ಇಲ್ಲ, ಇಂಥ ಭಾಗಗಳನ್ನು ಕಾಯುತ್ತಾ ಕೂತವರು ಬೇರೆಯವರೂ ಇದ್ದಾರೆ.